ಕಿವಿಯ ಗುಗ್ಗೆ: ಮನೆಯಲ್ಲಿ ಮಾಡುವುದೆಷ್ಟು, ಡಾಕ್ಟರಿಗೆ ಬಿಡುವುದೆಷ್ಟು

ರಬಕವಿ–ಬನಹಟ್ಟಿ ಕಡೆ ಮೆಡಿಕಲ್ ಅಂಗಡಿ ಇಟ್ಟುಕೊಂಡವರಿಗೆ ಈ ಮಾತು ಕೇಳದ ವಾರವಿಲ್ಲ: "ಅಣ್ಣಾರ, ಕಿವಿ ಮುಚ್ಚೇತ್ರಿ, ಒಂದು ಹನಿ ಬಾಟ್ಲಿ ಕೊಡ್ರಿ." ಜತೆಗೆ ಇನ್ನೊಂದು ಮಾತೂ ಬರುತ್ತದೆ: "ಬಡ್ಸ್ ಪ್ಯಾಕೆಟ್ಟೂ ಇರಲಿ." ಹನಿಯನ್ನು ಕೊಡಬಹುದು. ಬಡ್ಸ್ ಕೊಡಲು ಮಾತ್ರ ಮನಸ್ಸು ಒಪ್ಪುವುದಿಲ್ಲ, ಏಕೆಂದರೆ ಮುಚ್ಚಿದ ಕಿವಿಗಳಲ್ಲಿ ಎಷ್ಟೋ ಕಿವಿಗಳ ಮೂಲ ಆ ಪ್ಯಾಕೆಟ್ಟೇ. ಮನೆಯಲ್ಲಿ ನಾವು ಹೆಚ್ಚಾಗಿ ಮಾಡಬೇಕಾದದ್ದು ಗುಗ್ಗೆಯನ್ನು ಮೆತ್ತಗೆ ಮಾಡಿ ಕಾಯುವುದಷ್ಟೇ. ಹೊರಗೆ ಹಾಕುವ ಕೆಲಸವನ್ನು ಕಿವಿ ತಾನೇ ಮಾಡುತ್ತದೆ, ಆಗದಿದ್ದರೆ ಡಾಕ್ಟರು ಮಾಡುತ್ತಾರೆ.

ಗುಗ್ಗೆ ಎಲ್ಲಿಂದ ಬರುತ್ತದೆ

ದೊಡ್ಡವರ ಕಿವಿಯ ಕೊಳವೆ ಸುಮಾರು ಎರಡೂವರೆ ಸೆಂಟಿಮೀಟರ್ ಉದ್ದ. ಅದರ ಹೊರಗಿನ ಮೂರನೇ ಒಂದು ಭಾಗದಲ್ಲಿ ಮಾತ್ರ ಗುಗ್ಗೆ ಹುಟ್ಟಿಸುವ ಗ್ರಂಥಿಗಳಿವೆ. ಅಲ್ಲಿ ಜಿನುಗುವ ಜಿಡ್ಡು, ಉದುರಿದ ಚರ್ಮ, ಸಣ್ಣ ಕೂದಲು, ಧೂಳು ಎಲ್ಲ ಸೇರಿ ಗುಗ್ಗೆಯಾಗುತ್ತದೆ. ಅದಕ್ಕೆ ತುಸು ಹುಳಿ ಗುಣವಿದೆ, ಹಾಗಾಗಿ ಬೂಷ್ಟು, ಬ್ಯಾಕ್ಟೀರಿಯಾ ಸುಲಭಕ್ಕೆ ಬೆಳೆಯುವುದಿಲ್ಲ. ಜೋಳದ ರಾಶಿ ಮಾಡುವಾಗ ಏಳುವ ಧೂಳಿರಲಿ, ಇಳಕಲ್ಲಿನ ಕಲ್ಲುಗಣಿಯ ಪುಡಿಯಿರಲಿ, ಒಳಗಿನ ತಮಟೆಯವರೆಗೆ ಹೋಗದಂತೆ ಹಿಡಿದುಕೊಳ್ಳುವುದು ಇದೇ ಗುಗ್ಗೆ.

ಇನ್ನೊಂದು ವಿಶೇಷವಿದೆ. ಕಿವಿಯ ತಮಟೆಯ ಮೇಲಿನ ಚರ್ಮ ಒಳಗಿನಿಂದ ಹೊರಗೆ ನಿಧಾನವಾಗಿ ಸರಿಯುತ್ತಲೇ ಇರುತ್ತದೆ, ಹೋಗುತ್ತಾ ಹೋಗುತ್ತಾ ಗುಗ್ಗೆಯನ್ನೂ ಹೊರಗೆ ತಳ್ಳುತ್ತದೆ. ಜಗಿಯುವಾಗ ದವಡೆ ಅಲುಗುವುದೂ ಇದಕ್ಕೆ ನೆರವು. ಖಡಕ್ ರೊಟ್ಟಿ ತಿನ್ನುವ ನಮ್ಮ ಕಡೆಯವರ ದವಡೆಗೆ ಆ ಕೆಲಸಕ್ಕೇನೂ ಕೊರತೆಯಿಲ್ಲ. ಹೊರಗಿನ ಮೂರನೇ ಭಾಗದಲ್ಲಿ ಹುಟ್ಟಿದ್ದು ತಮಟೆಗೆ ಅಂಟಿಕೊಂಡು ಕೂತಿದ್ದರೆ, ಹೆಚ್ಚಾಗಿ ಯಾರೋ ಒಳಗೆ ತಳ್ಳಿದ್ದಾರೆ ಎಂದೇ ಲೆಕ್ಕ. ಬಡ್ಸ್, ಪಿನ್ನು, ಕಸಬರಿಗೆ ಕಡ್ಡಿ, ಬೈಕಿನ ಕೀಲಿ, ಯಾವುದೇ ಇರಲಿ, ಅವೆಲ್ಲ ತುದಿಯಲ್ಲಿ ಚೂರು ಹಳದಿ ಹಿಡಿದು ಬಂದು ನಮ್ಮನ್ನು ಖುಷಿಪಡಿಸಿ, ಉಳಿದದ್ದನ್ನು ಒಳಗೆ ಗಿಡಿಯುತ್ತವೆ.

ಕೆಲವರಿಗೆ ಕಡ್ಡಿ ಮುಟ್ಟದಿದ್ದರೂ ಕಟ್ಟುತ್ತದೆ. ಕೊಳವೆ ಸಣ್ಣದಿದ್ದವರು, ಕಿವಿಯಲ್ಲಿ ಕೂದಲು ಬೆಳೆದ ಹಿರಿಯರು, ಕಿವಿಯ ಮಷೀನು ಹಾಕಿಕೊಳ್ಳುವವರು, ದಿನವಿಡೀ ಇಯರ್‌ಫೋನ್ ಗಿಡಿದುಕೊಳ್ಳುವವರು, ಮಗ್ಗದ ಸದ್ದಿಗೆ ಅರಳೆ ತುರುಕಿಕೊಳ್ಳುವ ನೇಕಾರರು. ವಯಸ್ಸಾದಂತೆ ಗುಗ್ಗೆ ಒಣಗಿ ಗಟ್ಟಿಯಾಗುವುದೂ ಇದೆ. ತೊಂದರೆ ಕೊಡದ ಗುಗ್ಗೆಯನ್ನು ತೆಗೆಯುವ ಅಗತ್ಯವೇ ಇಲ್ಲ.

ಇದು ಗುಗ್ಗೆಯೇ ಹೌದೇ, ಮೊದಲು ನೋಡಿ

ಕಿವಿ ತುಂಬಿದಂತಾಗುವುದು, ಮಾತು ದೂರದಿಂದ ಬಂದಂತೆ ಕೇಳುವುದು, ಗುಂಯ್ ಎನ್ನುವುದು, ತುರಿಕೆ, ಒಮ್ಮೊಮ್ಮೆ ಕಾರಣವಿಲ್ಲದ ಒಣ ಕೆಮ್ಮು, ಇವು ಗುಗ್ಗೆಯ ಲಕ್ಷಣಗಳು. ಕೆಮ್ಮಿಗೂ ಕಿವಿಗೂ ಏನು ಸಂಬಂಧ ಎಂದರೆ, ಗಂಟಲಿಗೆ ಹೋಗುವ ವೇಗಸ್ ನರದ ಒಂದು ಕವಲು ಕಿವಿಯ ಕೊಳವೆಗೂ ಬರುತ್ತದೆ. ಕಿವಿ ಕೆರೆದಾಗ ಕೆಮ್ಮು ಬರುವುದು ಅದರಿಂದಲೇ. ತಲೆಸ್ನಾನ ಮಾಡಿ ಎದ್ದ ಕೂಡಲೇ, ಇಲ್ಲವೇ ಬಾವಿಗೆ ಜಿಗಿದು ಈಜಿ ಬಂದ ಮೇಲೆ ಕಿವಿ ದಪ್ಪನೆ ಮುಚ್ಚಿಕೊಂಡಿತು ಎನ್ನುವವರಲ್ಲಿ ಬಹಳ ಮಂದಿಗೆ ಗುಗ್ಗೆ ಮೊದಲೇ ಇತ್ತು, ನೀರು ಕುಡಿದು ಉಬ್ಬಿದ್ದಷ್ಟೇ ಹೊಸದು.

ಮನೆಯಲ್ಲೇ ಮಾಡಿ ನೋಡುವ ಸಣ್ಣ ಪರೀಕ್ಷೆಯೊಂದಿದೆ. ಒಂದೇ ಕಿವಿ ಮುಚ್ಚಿದ್ದರೆ ಮಾತ್ರ ಇದು ನಡೆಯುತ್ತದೆ. ಬಾಯಿ ಮುಚ್ಚಿ "ಹೂಂ" ಎಂದು ಉದ್ದಕ್ಕೆ ಗುನುಗಿ. ಆ ಸದ್ದು ಮುಚ್ಚಿದ ಕಿವಿಯಲ್ಲೇ ಜೋರಾಗಿ ಕೇಳಿದರೆ ಅಡ್ಡಿ ಇರುವುದು ಕೊಳವೆಯಲ್ಲೋ ತಮಟೆಯ ಹಿಂದೆಯೋ. ಚೆನ್ನಾಗಿರುವ ಕಿವಿಯ ಕಡೆಗೇ ಸದ್ದು ವಾಲಿದರೆ ಒಳಗಿವಿಯ ನರಕ್ಕೆ ಪೆಟ್ಟಾಗಿರಬಹುದು. ಡಾಕ್ಟರು ಟ್ಯೂನಿಂಗ್ ಫೋರ್ಕನ್ನು ಹಣೆಗೆ ಇಟ್ಟು ಮಾಡುವ ಪರೀಕ್ಷೆಯದೇ ಒರಟು ರೂಪ ಇದು, ಕಡೆಯ ತೀರ್ಮಾನಕ್ಕೆ ಸಾಲದು.

ಇದನ್ನು ಇಷ್ಟು ಒತ್ತಿ ಹೇಳಲು ಕಾರಣವಿದೆ. ರಾತ್ರಿ ಮಲಗುವಾಗ ಸರಿಯಿದ್ದ ಕಿವಿ ಬೆಳಿಗ್ಗೆ ಏಳುವಷ್ಟರಲ್ಲಿ ಕೇಳದಂತಾಗುವ ಒಂದು ಕಾಯಿಲೆಯಿದೆ. ನೋವಿಲ್ಲ, ಬಾವಿಲ್ಲ, ಕಿವಿ ತುಂಬಿದಂತೆ ಅನ್ನಿಸುತ್ತದೆ ಅಷ್ಟೇ. ಜನ ಗುಗ್ಗೆ ಎಂದುಕೊಂಡು ವಾರಗಟ್ಟಲೆ ಎಣ್ಣೆ ಬಿಡುತ್ತಾರೆ. ಅದಕ್ಕೆ ಕೊಡುವ ಸ್ಟೀರಾಯ್ಡ್ ಮದ್ದು ಮೊದಲ ದಿನಗಳಲ್ಲಿ, ಹೆಚ್ಚೆಂದರೆ ಎರಡು ವಾರದೊಳಗೆ ಶುರುವಾದರೇ ಫಲ ಹೆಚ್ಚು. ಹಾಗಾಗಿ ಒಮ್ಮೆಲೇ ಕೇಳದಂತಾದ ಕಿವಿಗೆ ಹನಿಯ ವಿಚಾರವೇ ಬೇಡ, ಅದೇ ದಿನ ಇಲ್ಲವೇ ಮರುದಿನ ಇಎನ್‌ಟಿ ಡಾಕ್ಟರ ಹತ್ತಿರ ಹೋಗಿ.

ಮಗ್ಗದವರದು ಬೇರೆ ಕತೆ. ಬನಹಟ್ಟಿಯಲ್ಲಾಗಲಿ, ಬೆಳಗಾವಿಯ ವಡಗಾವಿ–ಶಹಾಪುರದಲ್ಲಾಗಲಿ ವರ್ಷಗಟ್ಟಲೆ ಪವರ್‌ಲೂಮ್ ಶೆಡ್ಡಿನಲ್ಲಿ ನಿಂತವರಿಗೆ ಎರಡೂ ಕಿವಿ ನಿಧಾನವಾಗಿ ಮಂದವಾಗುತ್ತವೆ. ಮೊದಲು ಹೋಗುವುದು ಸಣ್ಣ, ಕೀಚಲು ಸದ್ದು. "ಮಾತಾಡೋದು ಕೇಳ್ತೇತ್ರಿ, ಆದ್ರ ಏನಂದ್ರು ತಿಳ್ಯಂಗಿಲ್ರಿ" ಎಂದು ಅವರು ಹೇಳುವುದು ಇದನ್ನೇ. ದಿನಕ್ಕೆ 8 ಗಂಟೆ 85 ಡೆಸಿಬಲ್‌ಗಿಂತ ಹೆಚ್ಚು ಸದ್ದಿನಲ್ಲಿ ಇದ್ದರೆ ಕಿವಿಗೆ ಪೆಟ್ಟು. ಹೀಗೆ ಹೋದ ಕೇಳುವ ಶಕ್ತಿ ಗುಗ್ಗೆ ತೆಗೆದರೂ ವಾಪಸ್ ಬರುವುದಿಲ್ಲ, ಶ್ರವಣ ಪರೀಕ್ಷೆಯನ್ನೇ ಮಾಡಿಸಬೇಕು.

ಇಂಥವರು ಮನೆಯಲ್ಲಿ ಏನನ್ನೂ ಹಾಕಬಾರದು

ನಮ್ಮ ಕಡೆ ಚಿಕ್ಕಂದಿನಲ್ಲಿ ಕಿವಿ ಸೋರಿದವರು ಬಹಳ. "ಸಣ್ಣಾಂವ ಇದ್ದಾಗ ಸೋರತಿತ್ತು, ಈಗ ನಿಂತೈತಿ" ಎನ್ನುತ್ತಾರೆ. ಸೋರುವುದು ನಿಂತಿರಬಹುದು, ತಮಟೆಯ ತೂತು ಉಳಿದಿರಬಹುದು. ಆ ತೂತಿನಿಂದ ಎಣ್ಣೆಯೋ ನೀರೋ ನಡುಗಿವಿಗೆ ಇಳಿದರೆ ಕೀವು ಮತ್ತೆ ಶುರು. ಆದ್ದರಿಂದ ಯಾವತ್ತಾದರೂ ಕಿವಿ ಸೋರಿದ್ದರೆ, ತಮಟೆಯ ಆಪರೇಷನ್ ಆಗಿದ್ದರೆ, ತಮಟೆಯಲ್ಲಿ ಸಣ್ಣ ನಳಿಕೆ ಕೂಡಿಸಿದ್ದರೆ ಒಂದು ಹನಿಯೂ ಬೇಡ. ಈಗ ನೋವು, ಜ್ವರ, ರಕ್ತ, ವಾಸನೆಯ ಸೋರಿಕೆ, ತಲೆ ತಿರುಗುವುದು ಯಾವುದಿದ್ದರೂ ಬೇಡ. ಒಂದೇ ಕಿವಿ ಕೇಳುವವರು ಆ ಕಿವಿಯ ಮೇಲೆ ಪ್ರಯೋಗ ಮಾಡಬಾರದು.

ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತು. ಕಿವಿಯ ಕೊಳವೆಯ ಚರ್ಮ ತುಂಬಾ ತೆಳು. ಸಣ್ಣ ಗೀರು ಬಿದ್ದು ನೀರು ನಿಂತರೆ ಸೋಂಕು ಎಲುಬಿನವರೆಗೆ ಇಳಿಯುವುದುಂಟು, ರಾತ್ರಿ ನಿದ್ದೆಗೆಡಿಸುವಂಥ ಕಿವಿನೋವು ಅದರ ಗುರುತು. ರಕ್ತ ತೆಳುವಾಗುವ ಗುಳಿಗೆ ತೆಗೆದುಕೊಳ್ಳುವವರಿಗೂ ಗೀರು ಬಿದ್ದರೆ ರಕ್ತ ಬೇಗ ನಿಲ್ಲುವುದಿಲ್ಲ. ಈ ಇಬ್ಬರೂ ನೇರ ಡಾಕ್ಟರ ಹತ್ತಿರ ಹೋಗುವುದೇ ಲೇಸು. ಸಣ್ಣ ಮಕ್ಕಳ ಕಿವಿಗೆ ಡಾಕ್ಟರು ಹೇಳದೆ ಏನನ್ನೂ ಬಿಡಬೇಡಿ, ಎದೆಹಾಲೂ ಸೇರಿದಂತೆ.

ಯಾವ ಹನಿ

ಔಷಧಿ ಮಾರುವವನು ಹೇಳಬಾರದ ಮಾತೊಂದನ್ನು ಹೇಳುತ್ತೇನೆ: ದುಬಾರಿ ಹನಿ ಹಾಕಿದರೆ ಗುಗ್ಗೆ ಬೇಗ ಕರಗುತ್ತದೆ ಎನ್ನುವುದಕ್ಕೆ ಗಟ್ಟಿ ಆಧಾರವಿಲ್ಲ. 2018ರಲ್ಲಿ ಕಾಕ್ರೇನ್ ಸಂಸ್ಥೆ ಈ ಬಗ್ಗೆ ನಡೆದ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿತು. ಏನೂ ಹಾಕದಿರುವುದಕ್ಕಿಂತ ಐದು ದಿನ ಹನಿ ಹಾಕುವುದು ವಾಸಿ ಇರಬಹುದು, ಆದರೆ ಒಂದು ಹನಿ ಇನ್ನೊಂದಕ್ಕಿಂತ ಮೇಲು ಎನ್ನುವುದಾಗಲಿ, ಬರೀ ನೀರು ಅಥವಾ ಉಪ್ಪುನೀರಿಗಿಂತ ಮೇಲು ಎನ್ನುವುದಾಗಲಿ ಸಾಬೀತಾಗಲಿಲ್ಲ.

ಹಾಗಾಗಿ ಮನೆಯಲ್ಲಿರುವ ಶುದ್ಧ ಕೊಬ್ಬರಿ ಎಣ್ಣೆ ಸಾಕು. ಬೆಳಗಾವಿಯ ಡಿಸೆಂಬರ್ ಚಳಿಗೆ ಅದು ಹೆಪ್ಪುಗಟ್ಟುತ್ತದೆ, ಬಾಟಲಿಯನ್ನು ಬಿಸಿನೀರಿನಲ್ಲಿಟ್ಟು ಕರಗಿಸಿ, ಆರಿದ ಮೇಲೆ ಬಳಸಿ. ಆಲಿವ್ ಎಣ್ಣೆ, ಗ್ಲಿಸರಿನ್ ಕೂಡ ನಡೆಯುತ್ತದೆ. ಗಾಣದಿಂದ ತಂದ ಕುಸುಬಿ ಎಣ್ಣೆ ಊಟಕ್ಕೆ ಚೆಂದ, ಆದರೆ ತಳದ ಗಸಿ ಇರುವ ಎಣ್ಣೆ ಕಿವಿಗೆ ಬೇಡ. ಶೇಂಗಾ ಎಣ್ಣೆ ಕೆಲವರಿಗೆ ಅಲರ್ಜಿ. ಮಳೆಗಾಲದಲ್ಲಿ, ಅದರಲ್ಲೂ ಖಾನಾಪುರದಂಥ ಹಸಿ ಹವೆಯ ಕಡೆ, ಕಿವಿಯಲ್ಲಿ ವಿಪರೀತ ತುರಿಕೆ ಇದ್ದರೆ ಅದು ಬೂಷ್ಟು ಇರಬಹುದು. ಅದಕ್ಕೆ ಎಣ್ಣೆ ಬಿಡುತ್ತಾ ಹೋಗುವುದು ಸರಿಯಲ್ಲ, ತೋರಿಸಿಕೊಳ್ಳಬೇಕು.

ಎಣ್ಣೆ ಒಲ್ಲದವರು ಸೋಡಾ ಹನಿ ಮಾಡಿಕೊಳ್ಳಬಹುದು: ಕುದಿಸಿ ಆರಿಸಿದ ನೀರು ಎರಡು ಚಹಾ ಚಮಚ, ಅದಕ್ಕೆ ತಿನ್ನುವ ಸೋಡಾ ಕಾಲು ಚಮಚ. ಪೂರ್ತಿ ಕರಗಬೇಕು, ದಿನಾ ಹೊಸದಾಗಿ ಮಾಡಬೇಕು. ಹೈಡ್ರೋಜನ್ ಪೆರಾಕ್ಸೈಡ್ ಬಳಸುವವರು ಬಾಟಲಿಯ ಚೀಟಿ ಓದಲೇಬೇಕು. ನಮ್ಮ ಅಂಗಡಿಗಳಲ್ಲಿ ಸಿಗುವುದು ಸಾಮಾನ್ಯವಾಗಿ ಸುಮಾರು 6 ಪ್ರತಿಶತದ್ದು, ಕಿವಿಗೆ ಬೇಕಾದದ್ದು 3. ಅಷ್ಟೇ ಪ್ರಮಾಣದ ಕುದಿಸಿ ಆರಿಸಿದ ನೀರು ಬೆರೆಸದೆ ಹಾಕಿದರೆ ಚರ್ಮ ಉರಿಯುತ್ತದೆ. ಹಾಕಿದಾಗ ಬುಸ್ಸೆಂದು ನೊರೆ ಬರುವ ಸದ್ದು ಕೇಳುತ್ತದೆ, ಹೆದರಬೇಕಿಲ್ಲ. ಆದರೂ ಮೊದಲ ಸಲದವರಿಗೆ ನಾನು ಹೇಳುವುದು ಎಣ್ಣೆಯನ್ನೇ.

ಹಾಕುವ ಬಗೆ

ದಿನಕ್ಕೆ ಎರಡು ಸಲ, ಮೂರರಿಂದ ಐದು ದಿನ. ರಾತ್ರಿ ಮಲಗುವ ಮುಂಚೆ ಒಮ್ಮೆ, ಬೆಳಿಗ್ಗೆ ಸ್ನಾನಕ್ಕೆ ಅರ್ಧ ಗಂಟೆ ಮುಂಚೆ ಒಮ್ಮೆ ಹಾಕಿದರೆ ಮನೆಕೆಲಸಕ್ಕೂ ಹೊಂದುತ್ತದೆ.

ಮೊದಲು ಹನಿಯ ಬಾಟಲಿಯನ್ನು ಮುಷ್ಟಿಯಲ್ಲಿ ನಾಲ್ಕೈದು ನಿಮಿಷ ಹಿಡಿದುಕೊಳ್ಳಿ. ಮೈ ಬಿಸಿಯಷ್ಟೇ ಬೆಚ್ಚಗಿರಬೇಕು. ಒಲೆಯ ಮೇಲೆ ಕಾಯಿಸುವುದು ಬೇಡ. ಮುಂಗೈ ಮೇಲೆ ಒಂದು ಹನಿ ಬಿಟ್ಟು ನೋಡಿ, ತಣ್ಣಗೂ ಅನ್ನಿಸಬಾರದು, ಬಿಸಿಯೂ ಅನ್ನಿಸಬಾರದು. ಇದು ಬರೀ ಸುಖಕ್ಕೆ ಹೇಳುವ ಮಾತಲ್ಲ. ತಣ್ಣಗಿನದೋ ಬಿಸಿಯದೋ ಕಿವಿಗೆ ಬಿದ್ದರೆ ಒಳಗಿವಿಯ ಸಮತೋಲದ ದ್ರವ ಅಲುಗಿ ಕಣ್ಣು ಕತ್ತಲೆ ಬಂದಂತೆ ತಿರುಗುತ್ತದೆ. ಇದನ್ನು ಬಿಡಿಸಿ ಹೇಳಿದ ಕಿವಿಯ ಡಾಕ್ಟರು ರಾಬರ್ಟ್ ಬಾರಾನಿಗೆ 1914ರ ನೊಬೆಲ್ ಬಂತು. ಅವರಿಗೆ ಹೊಳೆದದ್ದೂ ರೋಗಿಗಳ ಕಿವಿ ತೊಳೆಯುವಾಗಲೇ.

ಆಮೇಲೆ ಮುಚ್ಚಿದ ಕಿವಿ ಮೇಲೆ ಬರುವಂತೆ ಮಗ್ಗುಲಾಗಿ ಮಲಗಿ. ಹಾಕುವವರು ಬೇರೆ ಇದ್ದರೆ ಒಳ್ಳೆಯದು. ಕಿವಿಯ ಹಾಳೆಯನ್ನು ಮೇಲಕ್ಕೂ ಹಿಂದಕ್ಕೂ ಮೆಲ್ಲಗೆ ಎಳೆದು ಹಿಡಿದರೆ ಡೊಂಕು ಕೊಳವೆ ನೇರವಾಗುತ್ತದೆ. ಡ್ರಾಪರಿನ ತುದಿ ಕಿವಿಗೆ ತಾಗಿಸದೆ ಮೂರರಿಂದ ಐದು ಹನಿ ಬಿಡಿ. ನಟ್ಟನಡುವೆ ಬಿಡುವ ಬದಲು ಗೋಡೆಗುಂಟ ಇಳಿಯುವಂತೆ ಬಿಟ್ಟರೆ ಒಳಗೆ ಗಾಳಿ ಸಿಕ್ಕಿ ನಿಲ್ಲುವುದಿಲ್ಲ. ಕಿವಿಯ ಬಾಗಿಲಲ್ಲಿ, ಕೆನ್ನೆಯ ಕಡೆಗೆ ಒಂದು ಮೆತ್ತನೆಯ ಮೊಗ್ಗಿನಂಥ ಉಬ್ಬು ಇದೆಯಲ್ಲ, ಅದನ್ನು ಬೆರಳಿನಿಂದ ನಾಲ್ಕೈದು ಸಲ ಒತ್ತಿ ಬಿಡಿ. ಹನಿ ಒಳಗೆ ಇಳಿಯುತ್ತದೆ. ಐದರಿಂದ ಹತ್ತು ನಿಮಿಷ ಹಾಗೇ ಇರಿ. ಎದ್ದ ಮೇಲೆ ತಲೆ ವಾಲಿಸಿ, ಹೊರಗೆ ಬಂದದ್ದನ್ನು ಬಟ್ಟೆಯಿಂದ ಒರೆಸಿ. ಅರಳೆ ತುರುಕಬೇಡಿ, ಎಣ್ಣೆಯನ್ನೆಲ್ಲ ಅದೇ ಹೀರಿಕೊಳ್ಳುತ್ತದೆ.

ಎಲ್ಲರೂ ಎಡವುವುದು ಮೊದಲ ಎರಡು ದಿನದಲ್ಲಿ. ಗುಗ್ಗೆ ನೆನೆದು ಉಬ್ಬುತ್ತದೆ, ಕಿವಿ ಮೊದಲಿಗಿಂತ ಹೆಚ್ಚು ಮುಚ್ಚುತ್ತದೆ. "ಇದ್ದದ್ದೂ ಹೋತಲ್ರಿ" ಎಂದು ಮನೆಯವರು ಗಾಬರಿಯಾಗುತ್ತಾರೆ, ಕೈ ಕಡ್ಡಿಯ ಕಡೆ ಹೋಗುತ್ತದೆ. ನೆನೆಹಾಕಿದ ಕಾಳು ಉಬ್ಬುವ ಹಾಗೆಯೇ ಇದು, ಮೆತ್ತಗಾಗುವ ದಾರಿಯಲ್ಲಿದೆ ಎಂದು ಅರ್ಥ. ನೋವು, ತಿರುಗು ಶುರುವಾದರೆ ಮಾತ್ರ ನಿಲ್ಲಿಸಿ. ಇಲ್ಲದಿದ್ದರೆ ಬಿಡದೆ ಐದು ದಿನ ಹಾಕಿ.

ಹೊರಗೆ ಬರುವಾಗ ಅದು ತೋರಿಸಿಕೊಂಡು ಬರುವುದಿಲ್ಲ. ದಿಂಬಿನ ಮೇಲೆ ಕಂದು ಕಲೆ ಕಾಣಬಹುದು, ಸ್ನಾನದ ನಂತರ ಕಿವಿಯ ಬಾಗಿಲಲ್ಲಿ ಚೂರು ಸಿಗಬಹುದು. ಹನಿ ನಿಲ್ಲಿಸಿದ ಮೇಲೂ ಒಂದೆರಡು ವಾರ ಉದುರುತ್ತಾ ಇರುವುದುಂಟು.

ನೀರಿನಿಂದ ತೊಳೆಯುವುದು, ಬೇಕೆನಿಸಿದರೆ

ಐದು ದಿನ ಹಾಕಿದ ಮೇಲೂ ತೆರೆಯದಿದ್ದರೆ, ತಮಟೆ ಗಟ್ಟಿಯಿದೆ ಎಂದು ಹಿಂದೆ ಡಾಕ್ಟರು ನೋಡಿ ಹೇಳಿದ್ದರೆ ಮಾತ್ರ ಇದಕ್ಕೆ ಕೈಹಾಕಿ. ಗುಗ್ಗೆ ಮೆತ್ತಗಾಗದೆ ನೀರು ಹಾಯಿಸಿ ಪ್ರಯೋಜನವಿಲ್ಲ.

ಮೆಡಿಕಲ್‌ನಲ್ಲಿ ರಬ್ಬರಿನ ಬಲ್ಬ್ ಸಿರಿಂಜ್ ಕೇಳಿ. ಗುಂಡನೆಯ ಬುರುಡೆ, ಮೆತ್ತಗಿನ ಮೂತಿ. ಇಂಜೆಕ್ಷನ್ನಿನ ಸಿರಿಂಜಿಗೆ ಸೂಜಿ ತೆಗೆದು ಬಳಸುವವರಿದ್ದಾರೆ. ಅದರಲ್ಲಿ ಹೆಬ್ಬೆರಳಿನ ಒತ್ತಡ ಎಷ್ಟೆಂದು ತಿಳಿಯುವುದೇ ಇಲ್ಲ, ತಮಟೆ ಹರಿಯಬಹುದು. ನಲ್ಲಿಯ ಪೈಪು, ಸ್ನಾನದ ಮನೆಯ ಜೆಟ್ಟು ಎಂದೂ ಬೇಡ.

ನೀರು ಕುದಿಸಿ, ಮೈ ಬಿಸಿಗೆ ಆರಿಸಿ. ಹೆಗಲ ಮೇಲೆ ಟವೆಲ್ ಹಾಕಿ ನೆಟ್ಟಗೆ ಕುಳಿತು, ಕಿವಿಯ ಕೆಳಗೆ ಬೋಗುಣಿ ಹಿಡಿದುಕೊಳ್ಳಿ. ಹಾಳೆಯನ್ನು ಮೇಲಕ್ಕೆ, ಹಿಂದಕ್ಕೆ ಎಳೆದು ಮೂತಿಯನ್ನು ಕಿವಿಯ ಬಾಯಿಯಲ್ಲಷ್ಟೇ ಇಡಿ. ಬಾಯಿ ಪೂರ್ತಿ ಮುಚ್ಚಬಾರದು, ಹೋದ ನೀರು ವಾಪಸ್ ಬರಲು ದಾರಿ ಬೇಕು. ಮೂತಿಯನ್ನು ನೇರ ತಮಟೆಯ ಕಡೆಗೆ ತೋರಿಸದೆ ಕೊಳವೆಯ ಮೇಲು–ಹಿಂಗೋಡೆಯ ಕಡೆಗೆ ತಿರುಗಿಸಿ, ಮೆಲ್ಲಗೆ ಅದುಮಿ. ನೀರು ಗೋಡೆಗೆ ಬಡಿದು ಗುಗ್ಗೆಯ ಹಿಂದಿನಿಂದ ತಿರುಗಿ ಬಂದರೆ ತುಂಡು ತಳ್ಳಿಕೊಂಡು ಬರುತ್ತದೆ. ನಾಲ್ಕೈದು ಸಲ ಹಾಯಿಸಿದರೂ ಬರಲಿಲ್ಲವೆಂದರೆ ಬಿಟ್ಟುಬಿಡಿ. ನೋವಾಯಿತೋ, ತಲೆ ತಿರುಗಿತೋ, ನೀರಿನಲ್ಲಿ ರಕ್ತದ ಬಣ್ಣ ಬಂತೋ, ಆ ಗಳಿಗೆಯಲ್ಲೇ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

ಮುಗಿದ ಮೇಲೆ ತಲೆ ವಾಲಿಸಿ ನೀರು ಬಸಿದು, ಹೊರಭಾಗ ಒರೆಸಿ. ಹೇರ್ ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಯಲ್ಲಿ ಒಂದಡಿ ದೂರದಿಂದ ಸ್ವಲ್ಪ ಹೊತ್ತು ಹಿಡಿಯಬಹುದು. ಬಲ್ಬನ್ನು ತೊಳೆದು ಪೂರ್ತಿ ಒಣಗಿಸಿ ಇಡಿ.

ಬೇಡದ ಉಪಾಯಗಳು

ಬಳ್ಳೊಳ್ಳಿ ಹುರಿದ ಎಣ್ಣೆ ನಮ್ಮ ಮನೆಗಳಲ್ಲಿ ಕಿವಿಯ ಎಲ್ಲ ತೊಂದರೆಗೂ ಒಂದೇ ಮದ್ದು. ಹಿರಿಯರ ಮೇಲಿನ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಅದರಿಂದ ಆಗುವ ಉಪಕಾರ ಏನಾದರೂ ಇದ್ದರೆ ಎಣ್ಣೆಯದು. ಹಸಿ ಬಳ್ಳೊಳ್ಳಿ ಚರ್ಮ ಸುಡುತ್ತದೆ, ಒಲೆಯಿಂದ ಇಳಿಸಿದ ಎಣ್ಣೆ ಇನ್ನೂ ಸುಡುತ್ತದೆ. ಸೊಪ್ಪಿನ ರಸ ಹಿಂಡುವುದೂ ಬೇಡ.

ಕಿವಿಗೆ ಸಿಕ್ಕಿಸಿ ಹಚ್ಚುವ ಮೇಣದ ಕೊಳವೆಗಳ ವಿಡಿಯೋ ಮೊಬೈಲಿನಲ್ಲಿ ಹರಿದಾಡುತ್ತವೆ. ಉರಿದ ಮೇಲೆ ಒಳಗೆ ಉಳಿಯುವ ಹಳದಿ ಪದಾರ್ಥ ಆ ಕೊಳವೆಯದೇ ಮೇಣ, ಕಿವಿಯದಲ್ಲ. ಸುಟ್ಟ ಗಾಯ, ತಮಟೆಯ ಮೇಲೆ ಮೇಣ ಬೀಳುವುದು, ಇವು ಮಾತ್ರ ನಿಜ. ತುದಿಯಲ್ಲಿ ಕ್ಯಾಮೆರಾ ಇರುವ ಕಡ್ಡಿಗಳೂ ಈಗ ಬಂದಿವೆ. ಒಳಗೆ ಕಾಣುತ್ತದೆ ಎಂದಾಕ್ಷಣ ಕೈ ಪಳಗುವುದಿಲ್ಲ. ಸಂತೆ, ಜಾತ್ರೆಗಳಲ್ಲಿ ಕಿವಿ ಸ್ವಚ್ಛ ಮಾಡಿಕೊಡುವವರ ಸಲಾಕೆ ಎಷ್ಟು ಕಿವಿ ಹೊಕ್ಕು ಬಂದದ್ದೋ ಯಾರಿಗೂ ಗೊತ್ತಿಲ್ಲ. ಕಿವಿಯಿಂದ ಕಲ್ಲು ತೆಗೆದೆ ಎಂದು ತೋರಿಸಿದರೆ ನಕ್ಕು ಎದ್ದು ಬನ್ನಿ.

ಡಾಕ್ಟರ ಹತ್ತಿರ

ಬೆಳಗಾವಿಯ ಬಿಮ್ಸ್ ಆಸ್ಪತ್ರೆ, ಕೆಎಲ್ಇ ಆಸ್ಪತ್ರೆ, ಬಾಗಲಕೋಟೆಯ ಕುಮಾರೇಶ್ವರ ಆಸ್ಪತ್ರೆ, ವಿಜಯಪುರದ ಬಿಎಲ್‌ಡಿಇ ಆಸ್ಪತ್ರೆ, ಇವಕ್ಕೆಲ್ಲ ವೈದ್ಯಕೀಯ ಕಾಲೇಜಿನ ಜತೆಗೆ ಕಿವಿ–ಮೂಗು–ಗಂಟಲು ವಿಭಾಗವಿದೆ. ಅಷ್ಟು ದೂರ ಹೋಗಲಾಗದವರು ಮೊದಲು ತಾಲೂಕು ಆಸ್ಪತ್ರೆಯಲ್ಲಿ ವಿಚಾರಿಸಿ. ಡಾಕ್ಟರು ಬೆಳಕು ಹಾಯಿಸಿ ನೋಡಿ ಸಣ್ಣ ಕೊಕ್ಕೆಯಿಂದಲೋ, ಎಳೆದುಕೊಳ್ಳುವ ಸಕ್ಷನ್ ನಳಿಕೆಯಿಂದಲೋ, ನೀರಿನಿಂದಲೋ ತೆಗೆಯುತ್ತಾರೆ. ಸಕ್ಷನ್ ಸದ್ದು ಜೋರು, ನೋವು ಅಷ್ಟಿಲ್ಲ.

ಮೊದಲ ಸಲ ಬರೀ ಹನಿ ಬರೆದುಕೊಟ್ಟು ನಾಲ್ಕು ದಿನ ಬಿಟ್ಟು ಬರಲು ಹೇಳಿದರೆ "ದುಡ್ಡಿಗಾಗಿ ಅಡ್ಡಾಡಿಸ್ತಾರ" ಎಂದು ಬೈಯ್ಯಬೇಡಿ. ಕಲ್ಲಿನಂಥ ಗುಗ್ಗೆಯನ್ನು ಒಣಗಿದ್ದಾಗಲೇ ಕಿತ್ತರೆ ಚರ್ಮವೂ ಕಿತ್ತು ಬರುತ್ತದೆ. ಮನೆಯಲ್ಲಿ ಹನಿ ಹಾಕಿಕೊಂಡೇ ಹೋದರೆ ಆ ಒಂದು ಓಡಾಟ ಉಳಿಯುವುದೂ ಉಂಟು. ಏನು ಹಾಕಿದಿರಿ, ಎಷ್ಟು ದಿನ, ಹಿಂದೆ ಸೋರಿತ್ತೇ, ಸಕ್ಕರೆ ಇದೆಯೇ, ಇಷ್ಟನ್ನು ಬಾಯಿಬಿಟ್ಟು ಹೇಳಿ.

ಮತ್ತೆ ಕಟ್ಟದಂತೆ

ಕಿವಿಯನ್ನು ಸುಮ್ಮನೆ ಬಿಡುವುದೇ ದೊಡ್ಡ ಉಪಾಯ. ಸ್ನಾನದ ನಂತರ ಟವೆಲಿನ ತುದಿಯನ್ನು ಬೆರಳಿಗೆ ಸುತ್ತಿ, ಬೆರಳು ಹೋಗುವಷ್ಟು ಮಾತ್ರ ಒರೆಸಿ. ಪದೇ ಪದೇ ಕಟ್ಟುವವರು ಡಾಕ್ಟರನ್ನು ಕೇಳಿ ವಾರಕ್ಕೊಮ್ಮೆ ಒಂದೆರಡು ಹನಿ ಎಣ್ಣೆ ಬಿಡಬಹುದು. ಕಿವಿಯ ಮಷೀನನ್ನು ರಾತ್ರಿ ತೆಗೆದಿಟ್ಟು ಅದರ ತುದಿ ಒರೆಸಿ, ಅಲ್ಲಿ ಗುಗ್ಗೆ ತುಂಬಿಯೇ ಎಷ್ಟೋ ಮಷೀನು "ಕೆಟ್ಟು" ರಿಪೇರಿಗೆ ಬರುತ್ತವೆ. ಮಗ್ಗದವರು ಅರಳೆ ಬಿಟ್ಟು ಫೋಮಿನ ಇಯರ್‌ಪ್ಲಗ್ ಹಾಕಿಕೊಳ್ಳಲಿ. ಅರಳೆ ಸದ್ದನ್ನು ಅಷ್ಟಾಗಿ ತಡೆಯುವುದೂ ಇಲ್ಲ, ಗುಗ್ಗೆಯನ್ನು ಒಳಗೂ ತಳ್ಳುತ್ತದೆ.

ಮಕ್ಕಳಿರುವ ಮನೆಗೆ ಒಂದು ಎಚ್ಚರಿಕೆ. ಕಿವಿ ಮುಚ್ಚಿದೆ ಎನ್ನುವ ಮಗು ಕಡಲೆಯನ್ನೋ ಜೋಳದ ಕಾಳನ್ನೋ ಕಿವಿಗೆ ಹಾಕಿಕೊಂಡಿರಬಹುದು. ಅದಕ್ಕೆ ನೀರು ಬಿಟ್ಟರೆ ಕಾಳು ಉಬ್ಬಿ ಗಟ್ಟಿಯಾಗಿ ಕೂರುತ್ತದೆ, ಮನೆಯಲ್ಲಿ ಕೆದಕದೆ ಕರೆದುಕೊಂಡು ಹೋಗಿ. ಗಡಿಯಾರ, ಆಟಿಕೆಯ ಗುಂಡಿ ಸೆಲ್ ಹಾಕಿಕೊಂಡಿದ್ದರೆ ಎಣ್ಣೆ, ನೀರು ಯಾವುದನ್ನೂ ಬಿಡಬೇಡಿ. ಕೆಲವೇ ಗಂಟೆಯಲ್ಲಿ ಅದು ಚರ್ಮವನ್ನು ಸುಟ್ಟು ಒಳಗೆ ಇಳಿಯುತ್ತದೆ, ರಾತ್ರಿಯಾಗಿದ್ದರೂ ಆಗಲೇ ದೊಡ್ಡ ಆಸ್ಪತ್ರೆಗೆ ಹೊರಡಿ.